ದಕ್ಷಿಣ ಬೆಂಗಳೂರಿನ ವಲಸಿಗರು ಮತ್ತು ಸಮುದಾಯದ ನೆರವು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಮತ್ತು ಇವುಗಳಿಗೆ ಹೊಂದಿಕೊಂಡಿರುವ ಬಸವನಗುಡಿ, ಮಡಿವಾಳ, ತಾವರೆಕೆರೆ, ಸುದ್ದಗುಂಟೆಪಾಳ್ಯಗಳಿಗೆ ಹೊರಗಿನಿಂದ ಬಂದು ನೆಲೆಸುವವರಿಗೆ ಊಟ, ವಸತಿ, ಕೆಲಸ, ಭಾಷೆ, ಚಿಕಿತ್ಸೆ, ಮಕ್ಕಳ ಓದು ಮುಂತಾದ ವಿಷಯಗಳಲ್ಲಿ ಆಸರೆಯಾದ ಮಠ, ವಿದ್ಯಾರ್ಥಿನಿಲಯ, ಜಾತಿ ಸಂಘ, ಭಾಷಾ ಸಂಘ, ಕಾರ್ಮಿಕ ಸಂಘಟನೆ ಹಾಗೂ ಸರ್ಕಾರಿ ಯೋಜನೆಗಳ ವಿವರ ಇಲ್ಲಿದೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಗಿದೆ. ಆ ಜಿಲ್ಲೆಗೂ ಈ ಲೇಖನಕ್ಕೂ ಸಂಬಂಧವಿಲ್ಲ.

ವಲಸೆ ಬಂದವರಿಗೆ ನೆರವಾಗುವುದು ಕೆಲವು ದೇಶಗಳಲ್ಲಿ ಸರ್ಕಾರದ ಗೊತ್ತಾದ ಕೆಲಸ. 1975ರಲ್ಲಿ ಸೈಗಾನ್ ಪತನವಾದಾಗ ಅಮೆರಿಕ ಅದೇ ವರ್ಷ ಇಂಡೋಚೀನಾದ ನಿರಾಶ್ರಿತರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. 1980ರ ನಿರಾಶ್ರಿತರ ಕಾಯ್ದೆಯಿಂದ ಪುನರ್ವಸತಿಗೆಂದೇ ಒಂದು ಕೇಂದ್ರ ಕಚೇರಿ ಹುಟ್ಟಿತು. ಚರ್ಚುಗಳು ಕುಟುಂಬಗಳ ಹೊಣೆ ಹೊತ್ತವು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಲಿಟಲ್ ಸೈಗಾನ್ ಬೆಳೆಯಿತು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ಉದಾಹರಣೆ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ಜಮೀನು ಕೊಟ್ಟು ಊರನ್ನೇ ಕಟ್ಟಲಾಯಿತು. ಆದರೆ ಬೆಂಗಳೂರಿಗೆ ಬರುವವರಲ್ಲಿ ಹೆಚ್ಚಿನವರು ಈ ದೇಶದ ಪ್ರಜೆಗಳೇ. ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವರಿಗೆ ಕೊಟ್ಟಿದೆ. ಯಾರನ್ನೂ ಕೇಳಿ ಬರಬೇಕಿಲ್ಲ. ಹಾಗಾಗಿ ಬಂದವರನ್ನು ವಿಚಾರಿಸಿಕೊಳ್ಳುವ ಕಚೇರಿಯೂ ಹುಟ್ಟಲಿಲ್ಲ. ಆ ಕೆಲಸ ಅವರವರ ಕಡೆಯವರ ಪಾಲಿಗೆ ಬಂತು. ಇಂಥ 'ನಮ್ಮ ಕಡೆಯವರು' ಊರಿನಲ್ಲಿ ಮೊದಲೇ ಇದ್ದವರಿಗೆ ಬೆಂಗಳೂರು ಬೇಗ ಒಗ್ಗಿತು. ಇಲ್ಲದವರಿಗೆ ನೆರವು ಸಿಕ್ಕಿದ್ದು ಬಹುಮಟ್ಟಿಗೆ ಗಲಾಟೆಯೋ ಸಾಂಕ್ರಾಮಿಕ ರೋಗವೋ ಬಂದ ಮೇಲೆ.

ಬಡಾವಣೆಗಳು, ಬಂದವರು

1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರಿಂದ ಶಂಕುಸ್ಥಾಪನೆಯಾದ ಜಯನಗರ ಯೋಜನೆ ಹಾಕಿ ಕಟ್ಟಿದ ಬಡಾವಣೆ. ಸರ್ಕಾರಿ ನೌಕರರು, ಬ್ಯಾಂಕಿನವರು, ಮೇಷ್ಟ್ರುಗಳು, ನಿವೃತ್ತರು ಇಲ್ಲಿ ಸೈಟು ಹಿಡಿದರು. 1956ರ ಏಕೀಕರಣದ ಬಳಿಕ ಧಾರವಾಡ, ಬೆಳಗಾವಿ, ಕಲಬುರಗಿಗಳಿಂದ ವರ್ಗವಾಗಿ ಬಂದ ನೌಕರರೂ ದಕ್ಷಿಣದ ಬಡಾವಣೆಗಳಿಗೆ ಸೇರಿದರು. ಬನಶಂಕರಿ, ಜೆ.ಪಿ. ನಗರಗಳು ಹಂತಹಂತವಾಗಿ ಬೆಳೆದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರ ಸೇರಿ ಬಿಟಿಎಂ ಆಯಿತು. ಐಟಿ ಕಂಪನಿಗಳು ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ಬಂದ ಮೇಲೆ ಈ ಬಡಾವಣೆಯ ಚಹರೆಯೇ ಬದಲಾಯಿತು.

2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ ದಾಟಿತ್ತು. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಅದರ ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದು ಮಾತಾಡುವವರಲ್ಲಿ ಎಷ್ಟೋ ಮನೆತನಗಳು ತಲೆಮಾರುಗಳಿಂದ ಇಲ್ಲೇ ಇರುವುದರಿಂದ ಈ ಅಂಕಿಯನ್ನು ವಲಸಿಗರ ಲೆಕ್ಕವೆಂದು ಓದುವುದು ತಪ್ಪು. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರ ಮಾತು ಕನ್ನಡವೇ. ಆದರೂ ಅವರು ವಲಸಿಗರೇ.

ವಾರಾನ್ನ, ಉಚಿತ ವಿದ್ಯಾರ್ಥಿನಿಲಯ

ಹೊಸದಾಗಿ ಬಂದವರಿಗೆ ಈ ಭಾಗದಲ್ಲಿ ಸಿಗುತ್ತಿದ್ದ ಹಳೆಯ ಆಸರೆ ವಾರಾನ್ನ. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ. ಸೋಮವಾರದ ಮನೆಯವರು ಊರಿಗೆ ಹೋದರೆ, ಗುರುವಾರದ ಮನೆಗೆ ಸೂತಕ ಬಂದರೆ ಅವತ್ತಿಗೆ ಬೇರೆ ದಾರಿ ನೋಡಿಕೊಳ್ಳಬೇಕು, ಇಲ್ಲವೇ ನೀರು ಕುಡಿದು ಮಲಗಬೇಕು. ಊಟಕ್ಕೆ ಪ್ರತಿಯಾಗಿ ಕೆಲವು ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವುದು, ಅಂಗಡಿಗೆ ಹೋಗಿಬರುವುದು ಇದ್ದೇ ಇರುತ್ತಿತ್ತು. ಬಸವನಗುಡಿ, ಚಾಮರಾಜಪೇಟೆಗಳ ಅನೇಕ ಹಿರಿಯರ ನೆನಪಿನ ಬರಹಗಳಲ್ಲಿ ವಾರಾನ್ನದ ಪ್ರಸ್ತಾಪವಿದೆ, ಬಹುಪಾಲು ಕೃತಜ್ಞತೆಯಿಂದಲೇ. ಆದರೆ ಅಡುಗೆಮನೆಯ ಮಡಿ ದಾಟಬಲ್ಲ ಜಾತಿಯ ಹುಡುಗರಿಗೆ ಮಾತ್ರ ಆ ಊಟ ದಕ್ಕುತ್ತಿತ್ತು ಎಂಬುದನ್ನು ಆ ಬರಹಗಳಲ್ಲಿ ಕಡಿಮೆ ಕಾಣುತ್ತೇವೆ.

ಉಳಿದ ಸಮುದಾಯಗಳು ತಮ್ಮ ಹುಡುಗರಿಗೆ ತಾವೇ ಸೂರು ಕಟ್ಟಿಕೊಳ್ಳಬೇಕಾಯಿತು. ಗುಬ್ಬಿ ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗಾಗಿ ಧರ್ಮಛತ್ರ ಸ್ಥಾಪಿಸಿದರು. ಅವರ ದತ್ತಿಯಿಂದ ಉಚಿತ ವಿದ್ಯಾರ್ಥಿನಿಲಯವೂ ನಡೆಯಿತು. 1906ರಲ್ಲಿ ಒಕ್ಕಲಿಗರ ಸಂಘ, 1908ರಲ್ಲಿ ಆರ್ಯವೈಶ್ಯ ಮಹಾಸಭಾ ಹುಟ್ಟಿದವು. ಓದಲು ಬಂದ ಹಳ್ಳಿ ಹುಡುಗರಿಗೆ ಹಾಸ್ಟೆಲು ಕಟ್ಟುವುದು ಇಂಥ ಸಂಘಗಳು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ವಿದ್ಯಾರ್ಥಿ ಮಂದಿರ, ಕತ್ತರಿಗುಪ್ಪೆಯಲ್ಲಿ 1956ರಲ್ಲಿ ಪೇಜಾವರದ ವಿಶ್ವೇಶತೀರ್ಥರು ಆರಂಭಿಸಿದ ಪೂರ್ಣಪ್ರಜ್ಞ ವಿದ್ಯಾಪೀಠ ಬೇರೆ ಬೇರೆ ಉದ್ದೇಶದವು. ಆದರೂ ಊರು ಬಿಟ್ಟು ಬಂದ ಹುಡುಗನಿಗೆ ಊಟ, ಹಾಸಿಗೆ, ದಿನಚರಿ ಕೊಟ್ಟವು. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಸ್ಥಾಪಿಸಿದ ಅಲ್-ಅಮೀನ್ ಸಂಸ್ಥೆ ಲಾಲ್‌ಬಾಗ್ ಪಕ್ಕದಲ್ಲಿ ಕಾಲೇಜು ಕಟ್ಟಿ ಮುಸ್ಲಿಂ ವಿದ್ಯಾರ್ಥಿಗಳಿಗೆ ದಾರಿ ಮಾಡಿತು.

ಎಚ್. ನರಸಿಂಹಯ್ಯನವರ ಬದುಕು ಈ ಪರಂಪರೆಯ ಎದ್ದು ಕಾಣುವ ಉದಾಹರಣೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದುವ ಆಸೆಗೆ ನಡೆದುಕೊಂಡೇ ಬೆಂಗಳೂರಿಗೆ ಬಂದ ಹುಡುಗ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಹೆಸರು ಮಾಡಿದ ಮೇಲೂ ಬಾಳಿನ ಬಹುಭಾಗವನ್ನು ಬಸವನಗುಡಿಯ ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಕಳೆದರು. ಹಾಸ್ಟೆಲು ಎಂದರೆ ಹಾದುಹೋಗುವ ಜಾಗವೆಂದು ತಿಳಿದವರಿಗೆ ಅವರ ಆಯ್ಕೆ ವಿಚಿತ್ರವಾಗಿ ಕಂಡಿತ್ತು.

ಜಾತಿ ಸಂಘದ ಹಾಸ್ಟೆಲಿಗೆ ಪರ್ಯಾಯವಾದದ್ದು ಸರ್ಕಾರಿ ಹಾಸ್ಟೆಲು. ಮುಖ್ಯಮಂತ್ರಿ ಡಿ. ದೇವರಾಜ ಅರಸರ ಆಡಳಿತದಲ್ಲಿ, ಹಿಂದುಳಿದ ವರ್ಗಗಳ ಕುರಿತ ಎಲ್.ಜಿ. ಹಾವನೂರ ಆಯೋಗದ ಹಿನ್ನೆಲೆಯಲ್ಲಿ, ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಬಿಸಿಎಂ ಹಾಸ್ಟೆಲುಗಳು ವ್ಯಾಪಕವಾಗಿ ಬೆಳೆದವು. ತಮ್ಮದೇ ಸಂಘ ಕಟ್ಟಿಕೊಳ್ಳುವಷ್ಟು ಹಣವಂತರಿಲ್ಲದ ಸಮುದಾಯಗಳ ಹುಡುಗ ಹುಡುಗಿಯರಿಗೆ ಬೆಂಗಳೂರಿನಲ್ಲಿ ಕಾಲೂರಲು ಸಾಧ್ಯವಾದದ್ದು ಇವುಗಳಿಂದ. ಈ ಲೇಖನದಲ್ಲಿ ಬರುವ ಎಲ್ಲ ವ್ಯವಸ್ಥೆಗಳ ಪೈಕಿ ಹೆಚ್ಚು ಜನರ ಬದುಕು ಬದಲಿಸಿದ್ದು ಇದೇ ಇರಬೇಕು. ಇದರ ಬಗ್ಗೆ ಬರೆದಿರುವುದು ಮಾತ್ರ ಕಡಿಮೆ.

ಹೋಟೆಲು ಸೇರಿದ ಹುಡುಗರ ಹಾದಿ ಇನ್ನೊಂದು. ಉಡುಪಿ, ಕುಂದಾಪುರದ ಕಡೆಯಿಂದ ಬಂದವರು ಪರಿಚಯದವರ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಅಲ್ಲೇ ಉಂಡು, ರಾತ್ರಿ ಅಲ್ಲೇ ಬೆಂಚು ಜೋಡಿಸಿ ಮಲಗಿ, ಕೆಲವರು ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದರು. ಇದನ್ನು ನೆರವು ಎನ್ನಬೇಕೋ ಬಾಲದುಡಿಮೆ ಎನ್ನಬೇಕೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಮಠದ ಊಟ, ಮಡಿವಾಳದ ಬಸ್ಸು

ಜಯನಗರ 5ನೇ ಬ್ಲಾಕಿನ ರಾಯರ ಮಠದಂಥ ಸ್ಥಳಗಳು ಪೂಜೆಗಷ್ಟೇ ಸೀಮಿತವಲ್ಲ. ಬಾಡಿಗೆ ಮನೆ, ಅಡುಗೆಯವರು, ಪುರೋಹಿತರು, ಮದುವೆಗೆ ವರ ಅಥವಾ ಕನ್ಯೆ, ಇವೆಲ್ಲದರ ಸುದ್ದಿ ಪ್ರಸಾದದ ಪಂಕ್ತಿಯಲ್ಲೇ ಓಡಾಡುತ್ತದೆ. ಹೊರರಾಜ್ಯದವರ ದೊಡ್ಡ ಸಂಘಗಳ ಕೇಂದ್ರಗಳು ಹೆಚ್ಚಾಗಿ ಊರಿನ ಬೇರೆ ಭಾಗಗಳಲ್ಲಿವೆ: ತಮಿಳು ಸಂಘಂ ಹಲಸೂರಿನಲ್ಲಿ, ಕೇರಳ ಸಮಾಜಂ ಇಂದಿರಾನಗರದಲ್ಲಿ, ತೆಲುಗು ವಿಜ್ಞಾನ ಸಮಿತಿ ವೈಯಾಲಿಕಾವಲಿನಲ್ಲಿ. ದಕ್ಷಿಣದಲ್ಲಿ ಹಳೆಯ ಕಟ್ಟಡಗಳಿಗಿಂತ ದೇವಸ್ಥಾನ, ಹೋಟೆಲು, ಕಾಲೇಜುಗಳ ಸುತ್ತ ಬೆಳೆದ ಒಡನಾಟವೇ ಹೆಚ್ಚು.

ಅದನ್ನು ನೋಡಬೇಕಾದರೆ ಮಡಿವಾಳಕ್ಕೆ ಹೋಗಬೇಕು. ಅಯ್ಯಪ್ಪ ದೇವಸ್ಥಾನ, ಕೇರಳದ ಬೇಕರಿಗಳು, ಮತ್ತಿ ಮೀನು, ಕುಚ್ಚಲಕ್ಕಿ, ನೇಂದ್ರಬಾಳೆ ಚಿಪ್ಸ್ ಮಾರುವ ಅಂಗಡಿಗಳು ಹತ್ತಿರ ಹತ್ತಿರದಲ್ಲೇ ಇವೆ. ಸಂಜೆಯಾದರೆ ತ್ರಿಶೂರು, ಕೊಚ್ಚಿ, ಕಣ್ಣೂರು ಕಡೆ ಹೊರಡುವ ಬಸ್ಸುಗಳಿಗಾಗಿ ಟ್ರಾವೆಲ್ಸ್ ಕಚೇರಿಗಳ ಮುಂದೆ ಬ್ಯಾಗು ಹಿಡಿದ ನರ್ಸುಗಳು, ವಿದ್ಯಾರ್ಥಿಗಳು, ಐಟಿ ನೌಕರರು ನಿಂತಿರುತ್ತಾರೆ. ಸುದ್ದಗುಂಟೆಪಾಳ್ಯ, ತಾವರೆಕೆರೆ ಮುಖ್ಯರಸ್ತೆಯಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ನಂಬಿಕೊಂಡ ಪೇಯಿಂಗ್ ಗೆಸ್ಟ್ ವಸತಿಗಳು, ಅಂದರೆ ಪಿಜಿಗಳು, ಸಾಲುಸಾಲು. ಹೊಸಬರಿಗೆ ಮೊದಲ ವಿಳಾಸ ಕೊಡುವವರು ಇಲ್ಲಿ ಬೇಕರಿಯವರು, ಟಿಕೆಟ್ ಕೌಂಟರಿನವರು. ಉತ್ತರ ಕರ್ನಾಟಕದವರಿಗೆ ಇದೇ ಕೆಲಸವನ್ನು ಖಾನಾವಳಿಗಳು ಮಾಡುತ್ತವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಿಗುವ ಕಡೆ ಊರಿನ ಸುದ್ದಿಯೂ ಸಿಗುತ್ತದೆ, ಕೆಲಸ ಖಾಲಿ ಇರುವ ಸುದ್ದಿಯೂ ಸಿಗುತ್ತದೆ.

ಮನೆ ಸಿಗುವುದು

ಬೆಂಗಳೂರಿನಲ್ಲಿ ಹೊಸಬರಿಗೆ ಎದುರಾಗುವ ಮೊದಲ ಗೋಡೆ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಇಲ್ಲಿ ದೀರ್ಘಕಾಲದಿಂದ ನಡೆದುಬಂದ ವಾಡಿಕೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಸೂಚಿಸಿದರೂ ಅದು ರಾಜ್ಯಗಳಿಗೆ ಮಾದರಿಯಷ್ಟೇ. ಜೊತೆಗೆ ಜಾತಿ, ಧರ್ಮ, ಊಟದ ಪದ್ಧತಿ, ಮದುವೆಯಾಗಿದೆಯೇ ಎಂಬ ವಿಚಾರಣೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಟು-ಲೆಟ್ ಬೋರ್ಡು ಜಯನಗರ, ಬನಶಂಕರಿಯ ಬೀದಿಗಳಲ್ಲಿ ಹೊಸದಲ್ಲ. ಆ ಬೋರ್ಡಿನಿಂದ ಹೊರಗುಳಿದವರಿಗೆ ಬಿಟಿಎಂ ಜಾಗ ಕೊಟ್ಟಿತು. ಅಲ್ಲಿ ಮಾಲೀಕರಿಗೆ ಬಾಡಿಗೆ ಮುಖ್ಯ, ಸಾರಿನ ವಾಸನೆ ಅಲ್ಲ.

ಪಿಜಿ ಎಂಬ ವ್ಯವಸ್ಥೆ ಬೆಳೆದದ್ದು ಈ ಬಿರುಕಿನಲ್ಲೇ. ಮೂರು ಮಂದಿಯ ಕೋಣೆ, ತಿಂಗಳ ಬಾಡಿಗೆ, ಮೂರು ಹೊತ್ತಿನ ಊಟ, ಸಣ್ಣ ಅಡ್ವಾನ್ಸ್. 2024ರಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಪಾಲಿಕೆ ನಿಯಮ ಬಿಗಿಗೊಳಿಸಿತು: ತಲಾ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಆಹಾರ ಪರವಾನಗಿ. ಪಿಜಿಯಲ್ಲಿ ಇರುವವರದೇ ಸಂಘಟನೆಗಳು ವಿರಳವಾದ್ದರಿಂದ ಜಾರಿಗಾಗಿ ಒತ್ತಾಯಿಸುವವರು ಕಡಿಮೆ. ವರ್ಷಕ್ಕೊಮ್ಮೆ ಕೋಣೆ ಬದಲಿಸುವವರಿಗೆ ಸಂಘ ಕಟ್ಟುವ ವ್ಯವಧಾನ ಎಲ್ಲಿಂದ ಬರಬೇಕು?

ಗಲಾಟೆಯ ದಿನಗಳು

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ವಿಷಯಕ್ಕೆ ಗಲಭೆಯಾದಾಗ ತಮಿಳು ಕೂಲಿಕಾರರ ಕುಟುಂಬಗಳು ಊರು ಬಿಟ್ಟು ಓಡಿದವು. 2012ರ ಆಗಸ್ಟಿನಲ್ಲಿ ಇನ್ನೊಂದು ಬಗೆಯ ಓಟ. ಅಸ್ಸಾಮಿನ ಕೊಕ್ರಜಾರ್ ಹಿಂಸಾಚಾರದ ಬೆನ್ನಿಗೆ ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಆಗಸ್ಟ್ 15ರಿಂದ ಎರಡು ಮೂರು ದಿನ ಸಿಟಿ ರೈಲು ನಿಲ್ದಾಣಕ್ಕೆ ಮುತ್ತಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸೆಕ್ಯುರಿಟಿ ಗಾರ್ಡ್, ಬ್ಯೂಟಿ ಪಾರ್ಲರ್, ಹೋಟೆಲು ಕೆಲಸಗಳಲ್ಲಿದ್ದವರೇ ಹೆಚ್ಚು. ಆಗಿನ ಗೃಹ ಸಚಿವ, ದಕ್ಷಿಣ ಬೆಂಗಳೂರಿನದೇ ಪದ್ಮನಾಭನಗರದ ಶಾಸಕ ಆರ್. ಅಶೋಕ ನಿಲ್ದಾಣಕ್ಕೆ ಹೋಗಿ ಹೋಗಬೇಡಿ ಎಂದು ಕೇಳಿಕೊಂಡರು. ಕೇಂದ್ರ ಸರ್ಕಾರ ಹದಿನೈದು ದಿನ ಸಾಮೂಹಿಕ ಎಸ್‌ಎಂಎಸ್ ನಿಷೇಧಿಸಿ, ಒಂದು ಮೊಬೈಲಿನಿಂದ ದಿನಕ್ಕೆ ಐದೇ ಸಂದೇಶ ಎಂದು ಮಿತಿ ಹಾಕಿತು.

ಹೋದವರಲ್ಲಿ ಬಹಳ ಮಂದಿ ಕೆಲವೇ ವಾರಗಳಲ್ಲಿ ಮರಳಿದರು. ಆದರೆ ಆ ಮೂರು ದಿನ ಒಂದು ಸಂಗತಿಯನ್ನು ಬಯಲು ಮಾಡಿತು: ವದಂತಿ ಸುಳ್ಳು ಎಂದು ಅವರದೇ ಭಾಷೆಯಲ್ಲಿ, ಅವರು ನಂಬುವಂತೆ ಹೇಳಬಲ್ಲ ಕೊಂಡಿ ಪೊಲೀಸರ ಬಳಿಯಾಗಲಿ ಪಾಲಿಕೆಯ ಬಳಿಯಾಗಲಿ ಇರಲಿಲ್ಲ. ಆ ಬಳಿಕ ಪೊಲೀಸರು ಈಶಾನ್ಯದ ವಿದ್ಯಾರ್ಥಿ ಸಂಘಗಳ ಮುಖಂಡರೊಂದಿಗೆ ಸಂಪರ್ಕ ಬೆಳೆಸಿಕೊಂಡರು.

ಗುಳೆ ಬಂದವರು

ಜೆ.ಪಿ. ನಗರ, ಬನಶಂಕರಿಯ ಆಚೆಯ ಹಂತಗಳಲ್ಲಿ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರು ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಗುಳೆ ಬಂದವರು. ಈಚೆಗೆ ಬಿಹಾರ, ಒಡಿಶಾ, ಬಂಗಾಳ, ಜಾರ್ಖಂಡಿನವರು. ಇವರನ್ನು ಕರೆತರುವವನು ಮೇಸ್ತ್ರಿ. ಮುಂಗಡ ಕೊಡುವವನು, ಶೆಡ್ಡಿನಲ್ಲಿ ಜಾಗ ತೋರಿಸುವವನು, ಜ್ವರ ಬಂದರೆ ಮಾತ್ರೆ ತರಿಸುವವನು ಅವನೇ. ಕೂಲಿ ಹಿಡಿಯುವವನೂ ಅವನೇ. ತಗಡಿನ ಶೆಡ್ಡು ಹತ್ತಡಿ ಉದ್ದಗಲವಿದ್ದರೆ ಹೆಚ್ಚು. ಬೇಸಗೆಯಲ್ಲಿ ಒಳಗೆ ಕೂರಲಾಗದು, ಮಳೆಗಾಲದಲ್ಲಿ ಮಲಗಲಾಗದು. ಕಟ್ಟಡ ಮುಗಿದ ದಿನ ಶೆಡ್ಡೂ ಕಳಚುತ್ತದೆ, ಮಗುವಿನ ಶಾಲೆಯೂ ಬದಲಾಗುತ್ತದೆ.

ಕಾನೂನಿನ ಕೊರತೆಯಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಇದ್ದವು. ಎರಡನೆಯದರ ಅಡಿ 2007ರಲ್ಲಿ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ನಿರ್ಮಾಣ ವೆಚ್ಚದ ಮೇಲಿನ ಶೇ 1ರ ಸೆಸ್ ಇದರ ಆದಾಯ. ಕಚೇರಿ ಇರುವುದು ಬನ್ನೇರುಘಟ್ಟ ರಸ್ತೆಯ ಡೈರಿ ಸರ್ಕಲ್ ಬಳಿ, ಜಯನಗರಕ್ಕೂ ಬಿಟಿಎಂಗೂ ಕೂಗಳತೆಯಲ್ಲಿ. ಮದುವೆ, ಹೆರಿಗೆ, ಮಕ್ಕಳ ಓದು, ಅಪಘಾತಕ್ಕೆ ಅಲ್ಲಿ ಸಹಾಯಧನವಿದೆ. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ತರಬೇಕು. ಅದಕ್ಕೆ ಸಹಿ ಹಾಕಬೇಕಾದವನು ಮತ್ತೆ ಮಾಲೀಕ ಅಥವಾ ಗುತ್ತಿಗೆದಾರ. ಸಂಘಟನೆಗಳ ಕಾರ್ಯಕರ್ತರ ದಿನದ ಕೆಲಸದಲ್ಲಿ ದೊಡ್ಡ ಪಾಲು ಈ ಒಂದು ಕಾಗದ ಕೊಡಿಸುವುದರಲ್ಲೇ ಹೋಗುತ್ತದೆ. ಕಟ್ಟಡ ಕೆಲಸವನ್ನೇ ಮಾಡದವರು ಏಜೆಂಟರ ಮೂಲಕ ಮಂಡಳಿಯ ನೋಂದಣಿ ಕಾರ್ಡು ಪಡೆದ ದೂರುಗಳೂ ಬಂದಿವೆ.

2020ರ ಲಾಕ್‌ಡೌನ್ ಇದೆಲ್ಲವನ್ನೂ ಪರೀಕ್ಷೆಗೆ ಒಡ್ಡಿತು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ರಾಜ್ಯ ಸರ್ಕಾರ ಎರಡು ಕಂತಿನಲ್ಲಿ 5,000 ರೂಪಾಯಿ ಪ್ರಕಟಿಸಿತು; ಕಾರ್ಡಿಲ್ಲದವರಿಗೆ ಅದೂ ಇಲ್ಲ. ಮೇ ತಿಂಗಳ ಆರಂಭದಲ್ಲಿ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ ರೈಲುಗಳು ಹೊರಟವು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಿಗೇ, ಮೇ 6ರಿಂದ ರೈಲು ಬೇಡ ಎಂದು ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ದೇಶದಾದ್ಯಂತ ಟೀಕೆ ಎದ್ದ ಮೇಲೆ ನಿರ್ಧಾರ ಹಿಂದಕ್ಕೆ ಹೋಯಿತು. ಕೆಲಸಗಾರರು ಇಲ್ಲಿ ಬೇಕು, ಆದರೆ ಇವರ ಹೊಣೆ ಯಾರಿಗೂ ಬೇಡ ಎಂಬುದನ್ನು ಆ ಪತ್ರಕ್ಕಿಂತ ಚೆನ್ನಾಗಿ ಯಾವ ಅಧ್ಯಯನವೂ ಹೇಳಲಾರದು. ಸ್ವಾನ್ ಎಂಬ ಸ್ವಯಂಸೇವಕರ ಜಾಲ, ನಗರದ ಸಂಸ್ಥೆಗಳು ಕೂಡಿ ಕಟ್ಟಿದ ಮರ್ಸಿ ಮಿಷನ್, ಕಾರ್ಮಿಕ ಸಂಘಗಳು, ಬಡಾವಣೆಯ ಯುವಕರು ಅಕ್ಕಿಬೇಳೆಯ ಕಿಟ್ಟು ಹಿಡಿದು ಶೆಡ್ಡುಗಳನ್ನು ಹುಡುಕಿಕೊಂಡು ಹೋದರು. ಎಷ್ಟೋ ಶೆಡ್ಡುಗಳು ಎಲ್ಲಿವೆ ಎಂಬುದು ಪಕ್ಕದ ಬೀದಿಯವರಿಗೂ ಗೊತ್ತಾದದ್ದು ಆಗಲೇ.

ಇಂದಿರಾ ಕ್ಯಾಂಟೀನು ಗುರುತು ಕೇಳದ ನೆರವಿಗೆ ಉದಾಹರಣೆ. 2017ರ ಆಗಸ್ಟ್ 16ರಂದು ಇದರ ಉದ್ಘಾಟನೆಯಾದದ್ದು ಜಯನಗರ ಭಾಗದ ಕನಕನಪಾಳ್ಯದಲ್ಲಿ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಯಾವ ಊರು, ಯಾವ ಕಾರ್ಡು ಎಂದು ಯಾರೂ ಕೇಳುವುದಿಲ್ಲ. ಗುಣಮಟ್ಟ, ಬಿಲ್ಲು ಬಾಕಿಗಳ ತಕರಾರು ಆಗಾಗ ಬಂದರೂ ಕೂಲಿಯವರಿಗೆ, ಆಸ್ಪತ್ರೆಗೆ ಬಂದವರಿಗೆ ಇದರ ಉಪಯೋಗ ದೊಡ್ಡದು. ರೇಷನ್ ವಿಷಯದಲ್ಲಿ ಕರ್ನಾಟಕ 2020ರ ಜನವರಿಯಲ್ಲಿ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಸೇರಿತು. 2021ರ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಬಂತು. ಇದಕ್ಕೆ ವಿರುದ್ಧವಾಗಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ರಾಜ್ಯದ ನಿವಾಸಿ ಮಹಿಳೆಯರಿಗೆ ಮಾತ್ರ. ಒಂದೇ ಕಾರ್ಖಾನೆಗೆ ಹೋಗುವ ರಾಯಚೂರಿನ ಹುಡುಗಿಗೆ ಸೊನ್ನೆ ಟಿಕೆಟ್, ಒಡಿಶಾದ ಹುಡುಗಿಗೆ ಪೂರ್ತಿ ದರ.

ಗಾರ್ಮೆಂಟ್ಸ್ ಮಹಿಳೆಯರು ಸಂಘಟನೆಯಲ್ಲಿ ಮುಂದಿದ್ದಾರೆ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾದಾಗ ಬೊಮ್ಮನಹಳ್ಳಿಯ ಹೊಸೂರು ರಸ್ತೆಯಲ್ಲಿ ಸಾವಿರಾರು ಮಹಿಳೆಯರು ಬೀದಿಗಿಳಿದರು; ಎರಡೇ ದಿನದಲ್ಲಿ ಕೇಂದ್ರ ಆ ನಿಯಮ ಕೈಬಿಟ್ಟಿತು. ಒಡಿಶಾ, ಜಾರ್ಖಂಡಿನಿಂದ ತರಬೇತಿ ಯೋಜನೆಗಳ ಮೂಲಕ ಬಂದು ಕಂಪನಿ ಹಾಸ್ಟೆಲಿನಲ್ಲಿರುವ ಯುವತಿಯರ ಸ್ಥಿತಿ ಬೇರೆ. ಗಾರ್ಮೆಂಟ್ ಲೇಬರ್ ಯೂನಿಯನ್ ಪಾಲ್ಗೊಂಡು ತಂದ 2018ರ ವರದಿಯೊಂದು ಅವರ ಓಡಾಟಕ್ಕಿರುವ ನಿರ್ಬಂಧಗಳನ್ನು ಬೆಳಕಿಗೆ ತಂದಿತು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಷ್ಟು ಹಿಂದೆಯೇ ನಿಗದಿಪಡಿಸಿತು. ಸ್ತ್ರೀ ಜಾಗೃತಿ ಸಮಿತಿ, ಮನೆಗೆಲಸಗಾರರ ಹಕ್ಕುಗಳ ಯೂನಿಯನ್‌ಗಳು ವಾರದ ರಜೆ, ಹಬ್ಬದ ಬೋನಸ್ಸು, ಸುಳ್ಳು ಕಳ್ಳತನದ ಆರೋಪ ಬಂದಾಗ ಠಾಣೆಗೆ ಜೊತೆ ಹೋಗುವುದು ಮುಂತಾದ ಕೆಲಸ ಮಾಡುತ್ತವೆ. ಈ ಕೊನೆಯದು ಪುಸ್ತಕದಲ್ಲಿ ಬರೆದಿರುವ ಯಾವ ಹಕ್ಕಿಗಿಂತಲೂ ಹೆಚ್ಚಾಗಿ ಸಂಘಕ್ಕೆ ಸದಸ್ಯರನ್ನು ತಂದಿದೆ.

ಆಸ್ಪತ್ರೆಗೆ ಬಂದವರು, ಶಾಲೆಗೆ ಸೇರಿದವರು

ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ಸಂಜಯ ಗಾಂಧಿ ಆಸ್ಪತ್ರೆಗಳು ಈ ಭಾಗದ ಒಂದೇ ಮಗ್ಗುಲಿನಲ್ಲಿವೆ. ಚಿಕಿತ್ಸೆಗೆಂದು ಬಂದು ತಿಂಗಳುಗಟ್ಟಲೆ ಉಳಿಯುವ ಕುಟುಂಬಗಳೂ ಒಂದು ಬಗೆಯ ವಲಸಿಗರೇ. ಕಿದ್ವಾಯಿ ಬಳಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇಂಥವರಿಗಾಗಿ. ನಿಮ್ಹಾನ್ಸ್ ಬಿಟಿಎಂ ಲೇಔಟಿನಲ್ಲಿ ಮನಃಸ್ವಾಸ್ಥ್ಯ ಕೇಂದ್ರ ನಡೆಸುತ್ತದೆ. ದೊಡ್ಡ ಆಸ್ಪತ್ರೆಯ ಗೇಟು ದಾಟಲು ಅಂಜುವ, ಒಂಟಿತನದಿಂದ ನಿದ್ದೆಗೆಟ್ಟ ಪಿಜಿಯ ಹುಡುಗ ಹುಡುಗಿಯರು ಅಲ್ಲಿಗೆ ಹೋಗಬಹುದು.

ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ ಜನನ ಪ್ರಮಾಣಪತ್ರವಿಲ್ಲದೆಯೂ, ವರ್ಷದ ಮಧ್ಯದಲ್ಲಿಯೂ ಶಾಲೆಯ ಬಾಗಿಲು ತೆರೆದಿದೆ. ಕೆಲಸದ ಜಾಗದ ಟೆಂಟ್ ಶಾಲೆಗಳು, ಸಂಪರ್ಕ್ ಸಂಸ್ಥೆ ಕಾರ್ಮಿಕರ ಮಕ್ಕಳಿಗಾಗಿ ನಡೆಸಿದ ಶಿಶುಪಾಲನಾ ಕೇಂದ್ರಗಳು, ಜಯನಗರದಲ್ಲಿ ಶಾಲೆಯಿರುವ ಪರಿಕ್ರಮ ಸಂಸ್ಥೆ ಈ ದಿಕ್ಕಿನವು. ದೊಡ್ಡವರ ಕನ್ನಡ ಕಲಿಕೆಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ತರಗತಿಗಳಿವೆ. 'ಕನ್ನಡ ಗೊತ್ತಿಲ್ಲ' ಎಂಬ ಬಳಗ ವಾಟ್ಸಾಪಿನಲ್ಲೇ ಪಾಠ ಮಾಡಿ ಹೆಸರಾಯಿತು. ಐಟಿಯವರು ಇವಕ್ಕೆ ಸೇರುತ್ತಾರೆ. ಗಾರೆ ಕೆಲಸದ ಬಿಹಾರಿ ಯುವಕ ತರಗತಿಗೆ ಹೋಗದೆಯೇ ಒಂದು ವರ್ಷದೊಳಗೆ ಕೆಲಸಕ್ಕೆ ಬೇಕಾದಷ್ಟು ಕನ್ನಡ ಆಡುತ್ತಾನೆ, ಏಕೆಂದರೆ ಸಿಮೆಂಟು, ಕೂಲಿ, ಹೋಟೆಲು ಯಾವುದೂ ಅವನಿಗೆ ಇಂಗ್ಲಿಷಿನಲ್ಲಿ ಸಿಗುವುದಿಲ್ಲ.

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್, ಬೊಮ್ಮನಹಳ್ಳಿ ಮೂಲಕ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ತೆರೆಯಿತು. ಮರು ತಿಂಗಳು ಇಡೀ ನಗರಕ್ಕಿದ್ದ ಒಂದೇ ಪಾಲಿಕೆ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದವು. ಪಿಜಿಗಳ ತಪಾಸಣೆ, ಇಂದಿರಾ ಕ್ಯಾಂಟೀನುಗಳ ನಿರ್ವಹಣೆ ಈಗ ಹೊಸ ಪಾಲಿಕೆಗಳ ಕೈಯಲ್ಲಿದೆ. ಕಾರ್ಮಿಕರ ಕಾರ್ಡಿಗೆ ಮಾತ್ರ ಹಿಂದಿನಂತೆಯೇ ಕಾರ್ಮಿಕ ಇಲಾಖೆಗೆ ಹೋಗಬೇಕು.